ಓಟಿಪಿ ಯಾರಿಗೂ ಹೇಳಲಿಲ್ಲ, ಆದರೂ 49,300 ರೂಪಾಯಿ ಹೋಯಿತು

ಹಳೇ ಸೈಕಲ್ ಮೇಷ್ಟ್ರು, ದಾವಣಗೆರೆ

ಬರೆಯಲೋ ಬೇಡವೋ ಎಂದು ನಾಲ್ಕು ದಿನ ಒದ್ದಾಡಿದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು. ಪೋಷಕರ ಸಭೆಯಲ್ಲಿ ಮೈಕ್ ಹಿಡಿದು "ಓಟಿಪಿ ಯಾರಿಗೂ ಹೇಳಬೇಡಿ" ಎಂದು ಭಾಷಣ ಬಿಗಿದವನೂ ನಾನೇ. ಕಳೆದ ವಾರ ನನ್ನ ದುಡ್ಡೇ ಹೋಯಿತು. ಓಟಿಪಿ ಮಾತ್ರ ಹೇಳಲಿಲ್ಲ, ದೇವರಾಣೆ.

ಭಾನುವಾರ ಚಿತ್ರದುರ್ಗದಲ್ಲಿ ಅಕ್ಕನ ಮನೆಯ ಕಾರ್ಯ ಮುಗಿಸಿ ಕಾರಿನಲ್ಲಿ ಬರುತ್ತಿದ್ದೆವು. ಟೋಲ್‌ನಲ್ಲಿ ಫಾಸ್ಟ್ಯಾಗ್ ದುಡ್ಡು ಎರಡು ಸಲ ಕಟ್ ಆಯಿತು. ದೊಡ್ಡ ಮೊತ್ತವೇನಲ್ಲ, ಎರಡು ಪ್ಲೇಟ್ ಬೆಣ್ಣೆದೋಸೆಗೆ ಆಗುವಷ್ಟು. ಆದರೂ ಸಿಟ್ಟು ನೆತ್ತಿಗೇರಿತು. ಮನೆಗೆ ಬಂದವನೇ ಬ್ಯಾಂಕಿನ ಸೋಷಿಯಲ್ ಮೀಡಿಯಾ ಪುಟದಲ್ಲಿ ಖಾರವಾಗಿ ಬರೆದೆ. ಗಾಡಿ ನಂಬರ್ ಹಾಕಿದೆ. ಬೇಗ ಫೋನ್ ಮಾಡಲಿ ಎಂದು ಮೊಬೈಲ್ ನಂಬರನ್ನೂ ಹಾಕಿದೆ.

ಮಾಡಿದರು. ಹತ್ತು ನಿಮಿಷವೂ ಆಗಿರಲಿಲ್ಲ. ವಾಟ್ಸಾಪ್‌ನಲ್ಲಿ ಬ್ಯಾಂಕಿನ ಲೋಗೋ, ಹೆಸರಿನ ಜಾಗದಲ್ಲಿ 'ಕಸ್ಟಮರ್ ಕೇರ್'. "ಸರ್, ನಿಮ್ಮ ಗಾಡಿ ನಂಬರ್ ಇದೇ ಅಲ್ವಾ? ಎರಡು ಸಲ ಕಟ್ ಆಗಿದೆ, ಕ್ಷಮಿಸಿ" ಎಂದಿತ್ತು. ಗಾಡಿ ನಂಬರ್ ಗೊತ್ತಿದೆ ಎಂದರೆ ಬ್ಯಾಂಕಿನವರೇ ಇರಬೇಕು ಅಂದುಕೊಂಡೆ. ಅದನ್ನು ಹತ್ತು ನಿಮಿಷದ ಹಿಂದೆ ಊರಿಗೆಲ್ಲ ಸಾರಿದವನು ನಾನೇ ಎಂಬುದು ಹೊಳೆಯಲೇ ಇಲ್ಲ.

ಒಂದು ಕಂಪ್ಲೇಂಟ್ ನಂಬರ್ ಕೊಟ್ಟರು. ರಿಫಂಡ್ ಸಿಸ್ಟಂನಲ್ಲಿ ಸಿಕ್ಕಿಕೊಂಡಿದೆ, ವಿಡಿಯೋ ಕಾಲ್‌ನಲ್ಲಿ ಸರಿ ಮಾಡಿಕೊಡುತ್ತೇವೆ ಎಂದರು. ಆ ಕಡೆಯವನ ಮುಖ ಇಲ್ಲ, ಬರೀ ಲೋಗೋ. ಸ್ಕ್ರೀನ್ ಶೇರ್ ಒತ್ತಿಸಿದ. ಬ್ಯಾಂಕ್ ಆ್ಯಪ್ ತೆರೆಸಿದ. "ನನಗೆ ಕಪ್ಪಾಗಿ ಕಾಣ್ತಿದೆ ಸರ್, ಪರವಾಗಿಲ್ಲ, ಶೇರ್ ನಿಲ್ಲಿಸಿ, ಕಾರ್ಡನ್ನ ಕ್ಯಾಮೆರಾ ಮುಂದೆ ಹಿಡೀರಿ. ನಿಮ್ಮದೇ ಅಂತ ಖಾತ್ರಿ ಮಾಡ್ಕೋಬೇಕು" ಎಂದ. ಹಿಡಿದೆ. ಹಿಂದೆ ತಿರುಗಿಸಿ ಎಂದ. ತಿರುಗಿಸಿದೆ. ಆಮೇಲೆ ಮತ್ತೆ ಸ್ಕ್ರೀನ್ ಶೇರ್ ಒತ್ತಿಸಿ ಹೇಳಿದ ಮಾತು ಕೇಳಿ: "ಈಗ ಒಂದು ಓಟಿಪಿ ಬರುತ್ತೆ ಸರ್. ಅದನ್ನ ಯಾರಿಗೂ ಹೇಳಬೇಡಿ. ನನಗೂ ಹೇಳಬೇಡಿ."

ಎಂಥ ಪ್ರಾಮಾಣಿಕ ಅಂದುಕೊಂಡೆ. ಓಟಿಪಿ ಬಂತು, ಪರದೆಯ ಮೇಲ್ಗಡೆ ಮಿಂಚಿ ಹೋಯಿತು. ಅವನು ಅಲ್ಲೇ ಓದಿಕೊಂಡ. ಮೊದಲು 24,800, ಎರಡು ನಿಮಿಷ ಬಿಟ್ಟು 24,500.

ಇದು ಟೆಸ್ಟ್, 24 ಗಂಟೆಯಲ್ಲಿ ವಾಪಸ್ ಬರುತ್ತೆ ಎಂದ. ನನಗೆ ಆಗಲೇ ಗೊತ್ತಾಗಿತ್ತು. ಆದರೂ ಅದನ್ನೇ ನಂಬಿದವನ ಹಾಗೆ ಮಲಗಿದೆ. ಹೆಂಡತಿಗೆ ಹೇಳಲಿಲ್ಲ. ಬೆಳಗ್ಗೆ ಸ್ಟಾಫ್ ರೂಮಿನಲ್ಲಿ ಬಾಯಿಬಿಟ್ಟೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದಾಗ ಹನ್ನೊಂದು ಗಂಟೆ. ಮುಂದೇನು ಮಾಡಬೇಕು, ತಿಳಿದವರು ಹೇಳಿ.

ದುರ್ಗದ ಏಳುಸುತ್ತು

ಅಯ್ಯೋ ಮೇಷ್ಟ್ರೇ. ಆ ರಾತ್ರಿಯೇ 1930 ಒತ್ತಬೇಕಿತ್ತು. ನಾಚಿಕೆ ಪಡೋಕೆ ಆಮೇಲೂ ಟೈಮ್ ಇರುತ್ತೆ.

ಸುಮ್ನೆ ಒಂದು ಮಾತು

ಬೇಜಾರು ಮಾಡ್ಕೋಬೇಡಿ, ಆದರೆ ಕಾರ್ಡಿನ ಎರಡೂ ಕಡೆ ತೋರಿಸಿ ಓಟಿಪಿ ಕೊಡಲಿಲ್ಲ ಅಂದರೆ ಹೇಗೆ? ಓದಿದವರೇ ಹೀಗಾದರೆ ಹಳ್ಳಿಯವರ ಕಥೆ ಏನು?

ಚೌಕಿಪೇಟೆ ಸೊಸೆ

ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು ಅಂತಾರಲ್ಲ, ಹಾಗಾಯ್ತು ನಿಮ್ಮ ಮಾತು. ಮೇಷ್ಟ್ರು ಬರೆದಿದ್ದಕ್ಕೆ ನಾಲ್ಕು ಜನರಿಗೆ ಗೊತ್ತಾಯಿತು. ನಮ್ಮ ಮನೆಯಲ್ಲಿ ಆದದ್ದನ್ನು ನಾವು ಒಂದು ವರ್ಷ ಬಾಯಿಬಿಟ್ಟಿರಲಿಲ್ಲ.

ನಮ್ಮ ಅತ್ತೆಯ ಮಿಕ್ಸಿ ಕೆಟ್ಟಿತ್ತು. ಗ್ಯಾರಂಟಿ ಇನ್ನೂ ಇತ್ತು. ಇಂಟರ್‌ನೆಟ್‌ನಲ್ಲಿ ಕಂಪನಿ ಹೆಸರು ಹಾಕಿ ಸರ್ವೀಸ್ ಸೆಂಟರ್ ಎಂದು ಹುಡುಕಿದರು. ಮ್ಯಾಪ್‌ನಲ್ಲಿ ದಾವಣಗೆರೆಯ ವಿಳಾಸವನ್ನೇ ತೋರಿಸುವ ಒಂದು ನಂಬರ್ ಸಿಕ್ಕಿತು. ಫೋನ್ ಮಾಡಿದರು. ಬುಕಿಂಗ್‌ಗೆ ಐದು ರೂಪಾಯಿ ಕಟ್ಟಿ, ಫಾರಂ ವಾಟ್ಸಾಪ್‌ಗೆ ಕಳಿಸ್ತೀವಿ ಎಂದರು. ಬಂದದ್ದು ಫಾರಂ ಅಲ್ಲ, ಒತ್ತಿದರೆ ಆ್ಯಪ್ ಇನ್‌ಸ್ಟಾಲ್ ಆಗುವ ಎಪಿಕೆ ಫೈಲ್. ಅತ್ತೆ ಒತ್ತಿದರು. ಮಾರನೇ ದಿನ ಎಫ್‌ಡಿಗೆಂದು ಇಟ್ಟಿದ್ದ ದುಡ್ಡು ಇರಲಿಲ್ಲ.

ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಯಾಕೆ ಗೊತ್ತಾ? ಕಳ್ಳ ನಮ್ಮನೆಗೆ ಬರಲಿಲ್ಲ. ನಾವೇ ಹುಡುಕಿಕೊಂಡು ಹೋಗಿ ಕರೆದೆವು. ಬೀದೀಲಿ ಹೋಗೋ ಮಾರಿ, ಮನೆಗೆ ಬಾ ಅಂದ ಹಾಗೆ. ಅಪರಿಚಿತರ ಫೋನ್ ಎತ್ತಬೇಡಿ ಅಂತ ಅತ್ತೆಗೆ ನೂರು ಸಲ ಹೇಳಿದ್ದೆ. ಅವರು ಎತ್ತಲಿಲ್ಲ. ಅವರೇ ಮಾಡಿದರು.

ಸುಮ್ನೆ ಒಂದು ಮಾತು

ಸರಿ ಅಕ್ಕ, ತಪ್ಪಾಯ್ತು. ಮೇಷ್ಟ್ರೇ, ಕ್ಷಮಿಸಿ.

ರಿಟೈರ್ಡ್ ಕ್ಯಾಶಿಯರ್, ವಿದ್ಯಾನಗರ

ಮೇಷ್ಟ್ರೇ, ಮೂವತ್ತು ವರ್ಷ ಕೌಂಟರಿನಲ್ಲಿ ಕೂತವನು ನಾನು. ಮೊದಲು ನಿಮ್ಮ ಕೆಲಸ. ಕಾರ್ಡ್ ಬ್ಲಾಕ್ ಮಾಡಿಸಿದ್ದೀರಾ? ಇಲ್ಲದಿದ್ದರೆ ಇದನ್ನು ಓದುವುದು ಬಿಟ್ಟು ಮೊದಲು ಅದನ್ನು ಮಾಡಿ. ನಂಬರ್ ಕಾರ್ಡಿನ ಹಿಂದೆಯೇ ಇದೆ. ಆಮೇಲೆ ನಿಮ್ಮ ಬ್ರಾಂಚಿಗೆ ಹೋಗಿ ಬರವಣಿಗೆಯಲ್ಲಿ ದೂರು ಕೊಡಿ. ಇದು ಕಾರ್ಡ್ ವ್ಯವಹಾರ, ಹಾಗಾಗಿ ಡಿಸ್ಪ್ಯೂಟ್ ಫಾರಂ, ಅಂದರೆ ತಕರಾರು ಅರ್ಜಿ, ಕೇಳಿ ತುಂಬಿ. ಒಂದು ಪ್ರತಿಯ ಮೇಲೆ ಸೀಲ್ ಹಾಕಿಸಿಕೊಂಡು ಇಟ್ಟುಕೊಳ್ಳಿ. ಸೀಲ್ ಇಲ್ಲದ ಕಾಗದ ಬ್ಯಾಂಕಿನಲ್ಲಿ ಕಾಗದವೇ ಅಲ್ಲ, ನನ್ನ ಅನುಭವ.

ನಿಯಮ ಏನು ಹೇಳುತ್ತದೆ ಎಂದರೆ, 2017ರ ಜುಲೈನಲ್ಲಿ ಆರ್‌ಬಿಐ ಒಂದು ಸುತ್ತೋಲೆ ಹೊರಡಿಸಿತು. ಬ್ಯಾಂಕಿನದೂ ತಪ್ಪಿಲ್ಲ, ಗ್ರಾಹಕರದೂ ತಪ್ಪಿಲ್ಲ, ನಡುವೆ ಎಲ್ಲೋ ಸೋರಿಕೆಯಾಗಿ ದುಡ್ಡು ಹೋದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟವಿಲ್ಲ ಎಂದು ಅದು ಹೇಳಿತು. ಆದರೆ ಗ್ರಾಹಕರೇ ಗುಟ್ಟಿನ ವಿವರ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದ್ದೇ. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನ ತಲೆಗೆ. ನೀವು ಕಾರ್ಡ್ ತೋರಿಸಿದ್ದನ್ನು ಬ್ಯಾಂಕಿನವರು ನಿಮ್ಮದೇ ತಪ್ಪು ಎನ್ನುತ್ತಾರೆ. ಸುಳ್ಳು ಭರವಸೆ ಕೊಡಲಾರೆ. ಆದರೂ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ, ಬ್ಯಾಂಕಿನ ಮೇಲಿನ ದೂರು ಕೇಳುವ ಆರ್‌ಬಿಐ ಓಂಬುಡ್ಸ್‌ಮನ್ ಇದ್ದಾರೆ. ವಿಚಾರಿಸಲು 14448.

ಜಗಳೂರು ಮೆಕ್ಕೆಜೋಳ

ಅಣ್ಣಾರೇ, 1930ಕ್ಕೆ ಫೋನ್ ಮಾಡಿದರೆ ಏನೇನು ಕೇಳ್ತಾರೆ? ನಮ್ಮ ಅಪ್ಪಂಗೆ ಬರೆದಿಡಬೇಕು.

ಹಳೇ ಸೈಕಲ್ ಮೇಷ್ಟ್ರು

ನನ್ನನ್ನು ಕೇಳಿದ್ದು ಹೇಳ್ತೀನಿ ತಮ್ಮ. ಹೆಸರು, ಮೊಬೈಲ್ ನಂಬರ್, ಯಾವ ಬ್ಯಾಂಕು, ಎಷ್ಟು ಹೋಯಿತು, ಯಾವಾಗ ಹೋಯಿತು, ವ್ಯವಹಾರದ ರೆಫರೆನ್ಸ್ ನಂಬರ್. ಈ ಕೊನೆಯದಕ್ಕೇ ನಾನು ತಡವರಿಸಿದೆ. ಬ್ಯಾಂಕಿನಿಂದ ಬಂದ ಮೆಸೇಜನ್ನೇ ಓದಿ ಹೇಳಬೇಕಂತೆ. ಆ ಮೆಸೇಜುಗಳನ್ನು ಡಿಲೀಟ್ ಮಾಡಬೇಡಿ. ನಾನು ಸಿಟ್ಟಿನಲ್ಲಿ ಆ ಕಳ್ಳನ ಚಾಟ್ ಅಳಿಸಲು ಹೊರಟಿದ್ದೆ, ಸಹೋದ್ಯೋಗಿಯೊಬ್ಬರು ಕೈ ಹಿಡಿದರು. ಅದೇ ಈಗ ಪುರಾವೆ.

ರಿಟೈರ್ಡ್ ಕ್ಯಾಶಿಯರ್, ವಿದ್ಯಾನಗರ

1930 ಬಿಜಿ ಬಂದರೆ ಕಾಯುತ್ತಾ ಕೂರಬೇಡಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಒಬ್ಬರು ಪೋರ್ಟಲ್ ತೆರೆಯಲಿ, ಇನ್ನೊಬ್ಬರು ಫೋನ್ ಒತ್ತುತ್ತಿರಲಿ. ನಿಮ್ಮ ದುಡ್ಡು ಕಳ್ಳನ ಖಾತೆಯಲ್ಲಿ ಸುಮ್ನೆ ಕೂರುವುದಿಲ್ಲ. ಬಾಡಿಗೆಗೆ ತಗೊಂಡ ಯಾರದೋ ಖಾತೆಗೆ ಹೋಗಿ, ಅಲ್ಲಿಂದ ನಾಲ್ಕು ಖಾತೆಗೆ ಹಂಚಿಹೋಗಿ, ಎಟಿಎಂನಲ್ಲಿ ನಗದಾಗುತ್ತದೆ. ದೂರು ಸಿಕ್ಕ ಕೂಡಲೇ ಆ ದಾರಿಯ ಬ್ಯಾಂಕುಗಳಿಗೆ ಸುದ್ದಿ ಹೋಗುತ್ತದೆ. ದುಡ್ಡು ಯಾವ ಖಾತೆಯಲ್ಲಿ ಉಳಿದಿದೆಯೋ ಅಲ್ಲಿ ತಡೆಹಿಡಿಯುತ್ತಾರೆ. ಅದಕ್ಕೇ ಗಂಟೆ ಲೆಕ್ಕ.

ಅಶೋಕ ರಸ್ತೆ ಮೊಬೈಲ್ ರಿಪೇರಿ

ಲೇಟಾಗಿ ಬಂದೆ, ಅಂಗಡಿಯಲ್ಲಿ ಗಿರಾಕಿ ಜಾಸ್ತಿ ಇದ್ದರು. ಮೇಷ್ಟ್ರಿಗೆ ಒಂದು ವಿಷಯ ಹೇಳಬೇಕು. ನಿಮ್ಮ ಬ್ಯಾಂಕ್ ಆ್ಯಪ್ ಅವನಿಗೆ ಕಪ್ಪಾಗಿ ಕಂಡಿತಲ್ಲ, ಅದು ಕೆಟ್ಟು ಹೋಗಿದ್ದಲ್ಲ. ಸ್ಕ್ರೀನ್ ಶೇರ್ ಆಗುವಾಗ ಒಳಗಿನದು ಕಾಣದಿರಲಿ ಎಂದು ಬ್ಯಾಂಕಿನವರೇ ಹಾಗೆ ಮಾಡಿಟ್ಟಿರುತ್ತಾರೆ. ಆ್ಯಪ್ ನಿಮ್ಮನ್ನು ಕಾಯ್ದಿತ್ತು. ಕಳ್ಳ ಅದಕ್ಕೇ ಕಾರ್ಡ್ ಕೇಳಿದ. ಎಸ್‌ಎಂಎಸ್‌ಗೆ ಎಲ್ಲ ಫೋನಿನಲ್ಲೂ ಆ ಕಾವಲು ಇಲ್ಲ. ಆಂಡ್ರಾಯ್ಡ್ 15ರಿಂದ ಈಚೆಗೆ ಸ್ಕ್ರೀನ್ ಶೇರ್ ವೇಳೆ ಓಟಿಪಿ ಇರುವ ನೋಟಿಫಿಕೇಶನ್ ಮರೆಮಾಡುವ ವ್ಯವಸ್ಥೆ ಬಂದಿದೆ. ಆದರೆ ನನ್ನ ಅಂಗಡಿಗೆ ಬರುವ ಫೋನುಗಳಲ್ಲಿ ಹಳೆಯವೇ ಹೆಚ್ಚು.

ಮೊದಲು ಕಳ್ಳರು ಎನಿಡೆಸ್ಕ್, ಟೀಮ್‌ವ್ಯೂವರ್ ಥರದ, ದೂರದಿಂದಲೇ ನಮ್ಮ ಫೋನ್ ನೋಡುವ ಆ್ಯಪ್ ಹಾಕಿಸುತ್ತಿದ್ದರು. ಜನ ಆ ಹೆಸರು ಕೇಳಿದರೆ ಹುಷಾರಾಗುತ್ತಿದ್ದರು. 2023ರಲ್ಲಿ ವಾಟ್ಸಾಪ್ ವಿಡಿಯೋ ಕಾಲ್‌ನಲ್ಲೇ ಸ್ಕ್ರೀನ್ ಶೇರ್ ಬಂತು. ಅಲ್ಲಿಂದ ಹೊಸ ಆ್ಯಪ್ ಹಾಕಿಸುವ ಕೆಲಸವೂ ಉಳಿಯಲಿಲ್ಲ. ಮೊಮ್ಮಗನಿಗೆ ಫೋಟೋ ತೋರಿಸುವ ಬಟನ್ನೇ ಕಳ್ಳನಿಗೂ ಆಯಿತು.

ಚೌಕಿಪೇಟೆ ಅಕ್ಕ ಹೇಳಿದ ಎಪಿಕೆ ಇದಕ್ಕಿಂತ ಕೆಟ್ಟದ್ದು. ಸ್ಕ್ರೀನ್ ಶೇರ್ ಆದರೆ ಕಾಲ್ ಕಟ್ ಮಾಡಿದಾಗ ನಿಲ್ಲುತ್ತದೆ. ಎಪಿಕೆ ಒಳಗೇ ಕೂರುತ್ತದೆ. ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ, ನಾವು ಓಕೆ ಓಕೆ ಒತ್ತುತ್ತೇವೆ, ಆಮೇಲೆ ಬರುವ ಓಟಿಪಿಯೆಲ್ಲ ಸದ್ದಿಲ್ಲದೆ ಅತ್ತ ಹೋಗುತ್ತದೆ. ಟ್ರಾಫಿಕ್ ಚಲನ್ ಅಂತ ಬರುತ್ತದೆ, ಮದುವೆ ಕರೆಯೋಲೆ ಅಂತಲೂ ಬರುತ್ತದೆ. ಕರೆಯೋಲೆ ಫೋಟೋ ಆಗಿರುತ್ತೆ, ಪಿಡಿಎಫ್ ಆಗಿರುತ್ತೆ. ಇನ್‌ಸ್ಟಾಲ್ ಮಾಡಿಕೊಳ್ಳುವ ಕರೆಯೋಲೆ ಎಲ್ಲಾದರೂ ಉಂಟಾ?

ಅಂಥದ್ದು ಒತ್ತಿಬಿಟ್ಟಿದ್ದರೆ ಮೊದಲು ಏರೋಪ್ಲೇನ್ ಮೋಡ್ ಹಾಕಿ. ವೈಫೈ ಆಫ್ ಆಗಿದೆಯಾ ನೋಡಿ. ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ. ಬ್ಯಾಂಕಿಗೆ, 1930ಕ್ಕೆ ಆ ಫೋನಿನಿಂದ ಮಾತಾಡಿ. ಸೋಂಕು ತಗುಲಿದ ಫೋನಿನಲ್ಲೇ ಪಾಸ್‌ವರ್ಡ್ ಬದಲಾಯಿಸಿದರೆ ಹೊಸದೂ ಕಳ್ಳನಿಗೆ ಹೋಗಬಹುದು. ಫೋನ್ ರಿಪೇರಿಗೆ ಆಮೇಲೆ ತನ್ನಿ, ನಾನೆಲ್ಲಿ ಓಡಿಹೋಗ್ತೀನಿ.

ಇನ್ನೊಂದು. ಪಾರ್ಸೆಲ್ ಕಸ್ಟಮರ್ ಕೇರ್ ಎಂದು ಹೇಳಿ ಸ್ಟಾರ್ 21 ಸ್ಟಾರ್, ಮುಂದೆ ಒಂದು ಮೊಬೈಲ್ ನಂಬರ್, ಕೊನೆಗೆ ಹ್ಯಾಶ್ ಒತ್ತಿಸುತ್ತಾರೆ. ನಿಮಗೆ ಬರುವ ಕರೆಗಳೆಲ್ಲ ಆ ನಂಬರಿಗೆ ತಿರುಗುತ್ತವೆ. ಓಟಿಪಿ ಕರೆಯಲ್ಲಿ ಬಂದರೆ ಅದೂ ಅವನಿಗೇ. ಒತ್ತಿದ ಅನುಮಾನ ಇದ್ದರೆ ##002# ಒತ್ತಿ, ಫಾರ್ವರ್ಡ್ ಎಲ್ಲ ರದ್ದಾಗುತ್ತದೆ.

ಜಗಳೂರು ಮೆಕ್ಕೆಜೋಳ

ನಮ್ಮ ಕಡೆ ಬಂದದ್ದು ಕರೆಂಟ್ ಮೆಸೇಜು. "ನಿಮ್ಮ ಹಿಂದಿನ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ, ಇಂದು ರಾತ್ರಿ 9.30ಕ್ಕೆ ಕರೆಂಟ್ ಕಟ್, ಆಫೀಸರಿಗೆ ಫೋನ್ ಮಾಡಿ" ಅಂತ ಒಂದು ಮೊಬೈಲ್ ನಂಬರ್. ಅಪ್ಪ ಓದಿ ನಕ್ಕುಬಿಟ್ಟ. "ದಿನಾ ಹೇಳದೇ ಕೇಳದೇ ತೆಗೀತಾರೆ, ಇವತ್ತು ಟೈಮ್ ಹೇಳಿ ತೆಗೀತಾರಾ?" ಎಂದ. ಹಂಗೆ ಬಚಾವ್ ಆದ್ವಿ.

ದುರ್ಗದ ಏಳುಸುತ್ತು

ನಿಮ್ಮಪ್ಪನಿಗೆ ಒಂದು ನಮಸ್ಕಾರ. ಅಂದಹಾಗೆ ಬೆಸ್ಕಾಂ ನಂಬರ್ 1912. ನಾಲ್ಕೇ ಅಂಕಿ. ಟೋಲ್, ಹೆದ್ದಾರಿಗೆ 1033. ರೈಲಿಗೆ 139. ಆಧಾರ್‌ಗೆ 1947. ಇವೆಲ್ಲ ಹತ್ತಂಕಿಯ ಮೊಬೈಲ್ ನಂಬರ್ ಅಲ್ಲ ಎಂಬುದನ್ನು ನೋಡಿ.

ಹಳೇ ಸೈಕಲ್ ಮೇಷ್ಟ್ರು

1033. ಈ ನಾಲ್ಕು ಅಂಕಿ ಭಾನುವಾರ ಗೊತ್ತಿದ್ದರೆ!

ಬಾಪೂಜಿ ನಗರದ ಬಿಸಿಎ

ಸರ್, ನಾನೂ ಒಂದು ಸೇರಿಸ್ತೀನಿ. ನನ್ನ ಫ್ರೆಂಡ್‌ಗೆ ಟೆಲಿಗ್ರಾಂನಲ್ಲಿ 'ಟೆಲಿಗ್ರಾಂ ಸಪೋರ್ಟ್' ಅಂತ ಮೆಸೇಜ್ ಬಂತು. ಅಕೌಂಟ್ ಬ್ಲಾಕ್ ಆಗುತ್ತೆ, ಈಗ ಬರುವ ಕೋಡ್ ಕಳಿಸಿ ಅಂತ. ಕಳಿಸಿದ. ಅಕೌಂಟ್ ಹೋಯ್ತು. ಆಮೇಲೆ ಅವನ ಹೆಸರಲ್ಲಿ ನಮಗೆಲ್ಲ "ಅರ್ಜೆಂಟ್ ಐದು ಸಾವಿರ" ಅಂತ ಬಂತು. ಹಾಸ್ಟೆಲ್‌ನಲ್ಲಿ ಒಬ್ಬ ಕಳಿಸಿಯೂ ಬಿಟ್ಟ. ಆ ಕೋಡ್ ಬೀಗದ ಕೈ ಇದ್ದ ಹಾಗೆ, ವಾಟ್ಸಾಪ್‌ನ ಆರಂಕಿ ಕೋಡೂ ಅಷ್ಟೇ. ಕಂಪನಿಯವರಿಗೆ ಅದು ನಮ್ಮಿಂದ ಬೇಕಾಗೋದೇ ಇಲ್ಲ.

ಸೆಟ್ಟಿಂಗ್ಸ್‌ನಲ್ಲಿ ಎರಡು ಹಂತದ ಪರಿಶೀಲನೆ ಆನ್ ಮಾಡಿ. ಲಿಂಕ್ಡ್ ಡಿವೈಸಸ್ ತೆರೆದು ನೋಡಿ, ನಿಮಗೆ ಗೊತ್ತಿಲ್ಲದ ಕಂಪ್ಯೂಟರ್ ಇದ್ದರೆ ಲಾಗ್‌ಔಟ್ ಮಾಡಿ. ಮತ್ತೆ, ನೀಲಿ ಟಿಕ್ ಇದ್ದರೆ ನಂಬಬಹುದು ಅಲ್ವಾ?

ಅಶೋಕ ರಸ್ತೆ ಮೊಬೈಲ್ ರಿಪೇರಿ

ಟಿಕ್ ಎಲ್ಲಿದೆ ನೋಡು ತಮ್ಮ. ಮೊನ್ನೆ ಒಬ್ಬ ಯಜಮಾನರು ತೋರಿಸಿದ ಫೋನಿನಲ್ಲಿ ಟಿಕ್ ಡಿಪಿ ಫೋಟೋದ ಒಳಗೇ ಇತ್ತು. ಲೋಗೋ ಪಕ್ಕದಲ್ಲಿ ಬರೆದು ಹಾಕಿದ್ದ. ಅಸಲಿ ಟಿಕ್ ಹೆಸರಿನ ಪಕ್ಕದಲ್ಲಿ ವಾಟ್ಸಾಪ್‌ನವರು ಕೊಟ್ಟದ್ದು. 'ಬಿಸಿನೆಸ್ ಅಕೌಂಟ್' ಎಂದು ಇದ್ದ ಮಾತ್ರಕ್ಕೆ ಏನೂ ಆಗಲಿಲ್ಲ, ವಾಟ್ಸಾಪ್ ಬಿಸಿನೆಸ್ ಆ್ಯಪ್ ಯಾರು ಬೇಕಾದರೂ ಹಾಕಿಕೊಳ್ಳಬಹುದು. ನನ್ನ ಅಂಗಡಿಯದ್ದೂ ಬಿಸಿನೆಸ್ ಅಕೌಂಟೇ.

ಚೌಕಿಪೇಟೆ ಸೊಸೆ

ನನ್ನ ಪ್ರಶ್ನೆ ಇದು. ಕೆಲವು ಬ್ಯಾಂಕುಗಳಿಗೆ ನಿಜವಾಗಿಯೂ ವಾಟ್ಸಾಪ್ ಸೇವೆ ಇದೆ. ನನ್ನ ಗಂಡ ಬ್ಯಾಲೆನ್ಸ್ ಅದರಲ್ಲೇ ನೋಡ್ತಾರೆ. ಎಲ್ಲವನ್ನೂ ಕಳ್ಳ ಅಂದರೆ ಹೇಗೆ ಬದುಕೋದು?

ರಿಟೈರ್ಡ್ ಕ್ಯಾಶಿಯರ್, ವಿದ್ಯಾನಗರ

ಸರಿಯಾದ ಪ್ರಶ್ನೆ ಕೇಳಿದಿರಿ ತಾಯಿ. ಲೋಗೋ ನೋಡಿ ಅಸಲಿ ನಕಲಿ ಹೇಳಲು ನನಗೂ ಬರುವುದಿಲ್ಲ. ಆದ್ದರಿಂದ ನಾನು ಎದುರಿನವನನ್ನು ಪರೀಕ್ಷೆ ಮಾಡಲು ಹೋಗುವುದೇ ಇಲ್ಲ. ಈ ನಂಬರ್ ನನಗೆ ಎಲ್ಲಿಂದ ಸಿಕ್ಕಿತು ಎಂದು ಮಾತ್ರ ಕೇಳಿಕೊಳ್ಳುತ್ತೇನೆ. ಕಾರ್ಡಿನ ಹಿಂದಿನಿಂದ, ಪಾಸ್‌ಬುಕ್ಕಿನಿಂದ, ಬ್ಯಾಂಕ್ ಆ್ಯಪ್‌ನ ಒಳಗಿನಿಂದ ತಗೊಂಡದ್ದಾದರೆ ಮಾತಾಡುತ್ತೇನೆ. ಅದೇ ನನ್ನನ್ನು ಹುಡುಕಿಕೊಂಡು ಬಂದಿದ್ದರೆ ಕಟ್ ಮಾಡಿ, ನನ್ನ ಹತ್ತಿರ ಇರುವ ನಂಬರಿಗೆ ನಾನೇ ಮಾಡುತ್ತೇನೆ. ನಿಜವಾದ ಬ್ಯಾಂಕಿನವನು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಕಳ್ಳ "ಕಾಲ್ ಕಟ್ ಮಾಡಬೇಡಿ ಸರ್" ಎಂದು ಗೋಗರೆಯುತ್ತಾನೆ.

ಬ್ಯಾಂಕುಗಳ ವೆಬ್ ವಿಳಾಸ ಈಗ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಮುಗಿಯಬೇಕು. 2025ರ ಅಕ್ಟೋಬರ್ 31ರೊಳಗೆ ಬದಲಾಗಿ ಎಂದು ಆರ್‌ಬಿಐ ಹೇಳಿತ್ತು. ಈ ಕೊನೆಯ ತುಂಡು ಬ್ಯಾಂಕ್ ಅಲ್ಲದವರಿಗೆ ಸಿಗುವುದಿಲ್ಲ. ಸೇವೆಯ ವಿಷಯಕ್ಕೆ ಬ್ಯಾಂಕು ಕರೆ ಮಾಡುವುದಾದರೆ 1600ರಿಂದ ಶುರುವಾಗುವ ನಂಬರ್ ಬಳಸಬೇಕು, ಪ್ರಚಾರಕ್ಕೆ 140. ಹಾಗೆಂದು 1600 ಕಂಡ ತಕ್ಷಣ ಗುಟ್ಟೆಲ್ಲ ಹೇಳಬೇಡಿ.

ಯುಪಿಐ ಪಿನ್ ಬಗ್ಗೆ ನನ್ನ ಹೆಂಡತಿಗೆ ಹೇಳಿಕೊಟ್ಟದ್ದು ಹೀಗೆ: ಪಿನ್ ಎಂದರೆ ಚೆಕ್ಕಿಗೆ ಹಾಕುವ ಸಹಿ. ದುಡ್ಡು ಕೊಡುವವರು ಸಹಿ ಹಾಕುತ್ತಾರೆ, ತಗೊಳ್ಳುವವರು ಹಾಕುವುದಿಲ್ಲ. ರಿಫಂಡ್ ಬರಬೇಕಾದರೆ ಪಿನ್ ಒತ್ತಿ ಎಂದವನು ನಿಮ್ಮ ಚೆಕ್ಕಿಗೆ ಸಹಿ ಕೇಳುತ್ತಿದ್ದಾನೆ.

ಕೋರ್ಟ್ ರಸ್ತೆ ಟೈಪಿಸ್ಟ್

ಒಂದು ಮಾತು ಉಳಿಯಿತು. ತಡೆಹಿಡಿದ ದುಡ್ಡು ತಾನಾಗಿ ವಾಪಸ್ ಬರುವುದಿಲ್ಲ. ಕೋರ್ಟಿನ ಆದೇಶ ಬೇಕಾಗಬಹುದು. ಆಗ ಹೊಸ ಕ್ರಿಮಿನಲ್ ಪ್ರಕ್ರಿಯೆ ಕಾಯ್ದೆಯಾದ ಬಿಎನ್‌ಎಸ್‌ಎಸ್ 503ನೇ ಕಲಂ ಅಡಿ ಅರ್ಜಿ ಹಾಕುತ್ತಾರೆ. ಹಳೇ ಸಿಆರ್‌ಪಿಸಿಯ 457 ಇತ್ತಲ್ಲ, ಅದೇ. ಸಿಇಎನ್ (ಸೈಬರ್ ಅಪರಾಧ ನೋಡುವ ಪೊಲೀಸ್) ಠಾಣೆಯಲ್ಲಿ ಯಾವ ಬ್ಯಾಂಕು, ಯಾವ ಖಾತೆ, ಎಷ್ಟು ತಡೆದಿದೆ ಎಂಬ ವಿವರ ಕೇಳಿ ಪಡೆಯಿರಿ. ದುಡ್ಡು ವಾಪಸ್ ಕೊಡಿಸ್ತೀವಿ, ಫೀಸ್ ಮುಂಚೆ ಕೊಡಿ ಅಂತ ಯಾರಾದರೂ ವಾಟ್ಸಾಪ್‌ನಲ್ಲಿ ಬಂದರೆ ಅವನೂ ಅದೇ ಗುಂಪಿನವನು. ಒಂದು ಸಲ ಬಿದ್ದವರ ನಂಬರ್ ಅವರ ಹತ್ತಿರ ಇರುತ್ತದೆ.

ಹಳೇ ಸೈಕಲ್ ಮೇಷ್ಟ್ರು

ಬಂದಿದ್ದ ಸರ್! ನಿನ್ನೆಯೇ ಬಂದಿದ್ದ. 'ಸೈಬರ್ ರಿಕವರಿ ಹೆಲ್ಪ್‌ಲೈನ್' ಅಂತೆ, ಡಿಪಿಯಲ್ಲಿ ಅಶೋಕ ಸ್ತಂಭ. ಎರಡು ಸಾವಿರ ಪ್ರೊಸೆಸಿಂಗ್ ಫೀ ಕೇಳಿದ. ನಾನು ಉತ್ತರ ಕೊಡಲಿಲ್ಲ, ಸ್ಕ್ರೀನ್‌ಶಾಟ್ ತೆಗೆದು ಬ್ಲಾಕ್ ಮಾಡಿದೆ. ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ಈಗ ಅವಳಿಗೆ ಎಲ್ಲ ಗೊತ್ತು.

ಮೂರು ವಾರದ ಲೆಕ್ಕ ಹೇಳಿಬಿಡುತ್ತೇನೆ. 49,300ರಲ್ಲಿ 18,200 ಒಂದು ಖಾತೆಯಲ್ಲಿ ತಡೆಹಿಡಿದಿದ್ದಾರೆ. ಉಳಿದದ್ದು ಆ ರಾತ್ರಿಯೇ ಹೋಗಿದೆ. ಠಾಣೆಯಲ್ಲಿ ಹೊತ್ತು ನೋಡಿ ಹೇಳಿದರು, ನಾನು ಹಾಸಿಗೆಯಲ್ಲಿ ಹೊರಳಾಡುತ್ತಿದ್ದ ಹೊತ್ತದು. ಅರ್ಜಿ ಹಾಕಿದ್ದೇವೆ. ಕಾರ್ಡ್ ಬದಲಾಯಿತು, ಬ್ರಾಂಚಿನಲ್ಲಿ ಸೀಲೂ ಹಾಕಿಸಿಕೊಂಡೆ. ಆ ವಾಟ್ಸಾಪ್ ನಂಬರನ್ನು ಅನುಮಾನದ ನಂಬರ್ ತಿಳಿಸುವ ಸರ್ಕಾರಿ ಪೋರ್ಟಲ್ ಸಂಚಾರ ಸಾಥಿಯ 'ಚಕ್ಷು'ವಿನಲ್ಲಿ ವರದಿ ಮಾಡಿದ್ದೇನೆ. ಟೋಲ್‌ನ ಎರಡನೇ ಕಟ್ ಬಗ್ಗೆ 1033ಕ್ಕೆ ದೂರು ಕೊಟ್ಟೆ, ಅದು ಮಾತ್ರ ವಾಪಸ್ ಬಂತು. ಬೆಣ್ಣೆದೋಸೆ ತಿಂದೆವು.

ದುರ್ಗದ ಏಳುಸುತ್ತು

ಚೌಕಿಪೇಟೆ ಅಕ್ಕ, ನಿಮ್ಮ ಅತ್ತೆಗೆ ಸಿಕ್ಕಿದ್ದ ಆ ಮಿಕ್ಸಿ ನಂಬರ್ ಮ್ಯಾಪ್‌ನಲ್ಲಿ ಇನ್ನೂ ಇದೆಯಾ?

ಚೌಕಿಪೇಟೆ ಸೊಸೆ

ಆಗಲೇ ರಿಪೋರ್ಟ್ ಮಾಡಿದ್ದೆ, ತೆಗೆದಿದ್ದರು. ನೀವು ಕೇಳಿದಿರಿ ಅಂತ ಈಗ ಮತ್ತೆ ನೋಡಿದೆ. ಅದೇ ಕಂಪನಿ ಹೆಸರು, ಅದೇ ವಿಳಾಸ, ನಂಬರ್ ಮಾತ್ರ ಬೇರೆ. ಒಳ್ಳೆ ಸರ್ವೀಸ್ ಅಂತ ಐದು ಸ್ಟಾರ್ ಕೊಟ್ಟವರು ಆರು ಜನ. ವಿಳಾಸ ನಮ್ಮ ಮನೆಯಿಂದ ಎರಡು ಬೀದಿ ಆಚೆ, ಅದಕ್ಕೇ ಮಗನನ್ನು ಕಳಿಸಿ ನೋಡಿಸಿದೆ. ಅಲ್ಲಿ ಮಂಡಕ್ಕಿ ಅಂಗಡಿ ಇದೆ.